ಸಂಪಿನ ನೀರಿಗೆ ಕಾಫಿ ವಾಸನೆ

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ 11

ಫಿಲ್ಮ್ ರೋಲ್ ಏಳು ತೊಳೆದು ಮುಗಿಯಿತು. ನೀರು 24 ಡಿಗ್ರಿ, ಹದಿನೈದು ನಿಮಿಷ, ನಿಮಿಷಕ್ಕೆ ಮೂರು ಸಲ ಡಬ್ಬಿ ತಲೆಕೆಳಗೆ. ಚೊಕ್ಕ ನೆಗೆಟಿವ್. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಎಂದಿನದೇ — ಇನ್‌ಸ್ಟಂಟ್ ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ. ಶನಿವಾರ ನಲ್ಲಿ ನೀರಿನಲ್ಲಿ ಕಲಸಿ ಬಾಟಲಿಗೆ ಬಾಯಿಮಟ್ಟ ತುಂಬಿಡುವುದು, ಭಾನುವಾರ ಬಳಸುವುದು. ಮೂರು ತಿಂಗಳಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ.

ಟೆರೇಸಿನ ಒಂಟಿ ರೂಮು. ಸಿಂಕ್ ಇಲ್ಲ. ತೊಳೆದ ನೀರೆಲ್ಲ ಟೆರೇಸಿನ ಮೂಲೆಯ ತೂತಿಗೆ. ಅಲ್ಲಿಂದ ಪೈಪ್ ಮೂರು ಮಹಡಿ ಇಳಿದು ರಸ್ತೆಯ ಚರಂಡಿಗೆ ಬೀಳುತ್ತದೆ. ಬಾಡಿಗೆಗೆ ಬಂದ ದಿನವೇ ಬಗ್ಗಿ ನೋಡಿಕೊಂಡಿದ್ದೆ. ಕ್ವಾಲಿಟಿ ಇನ್ಸ್‌ಪೆಕ್ಟರ್ ಬುದ್ಧಿ. ಯಾವ ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ತಿಳಿಯದೆ ನಿದ್ದೆ ಬರುವುದಿಲ್ಲ.

ಚಿಕ್ಕಮುನಿಯಮ್ಮ ಅಜ್ಜಿ — ಓನರ್ ಆಂಜಿನಪ್ಪನವರ ತಾಯಿ — ಕೆಳಗಿನಿಂದಲೇ ಕೂಗಿದರು. “ಏನವ್ವಾ ಮೇಗಾ, ಇವತ್ತೂ ಕಾಫಿನಾಗೆ ಪಿಲಂ ತೊಳಿತಿದ್ದೀಯಾ? ಅಂಗೆ ಚೆಲ್ಲೋ ಬದ್ಲು ನಂಗೊಂದ್ ಲೋಟ ಕೊಟ್ಟಿದ್ರೆ ಪುಣ್ಯ ಬರ್ತಿತ್ತು ಕಣವ್ವ!”

ಮೂಗು ಅಂದರೆ ಮೂಗು. ಮೂರು ಮಹಡಿ ಕೆಳಗೆ ಕೂತು ಹಿಡಿದುಬಿಟ್ಟರು.

ಏಪ್ರಿಲ್ 8, ಮಂಗಳವಾರ

ಇವತ್ತು ಫ್ಯಾಕ್ಟರಿಯಲ್ಲಿ ಮನುವಿನ ನಲವತ್ತು ಪೀಸ್ ರಿಜೆಕ್ಟ್ ಮಾಡಿದೆ. ಅವನು ಮೂತಿ ಉದ್ದ ಮಾಡಿಕೊಂಡು, “ಮೇಡಂ, ಒಂದ್ಸಲ ನಿಮ್ ಗೇಜ್ ಚೆಕ್ ಮಾಡ್ಬಿಡಿ, ಆಮೇಲೆ ನನ್ ತಲೆ ಕಡೀರಿ” ಅಂದ. ಅಳೆಯುವ ಉಪಕರಣವೇ ತಪ್ಪು ಅಂತ ಎಲ್ಲ ಆಪರೇಟರ್‌ಗಳೂ ಇದನ್ನೇ ಹೇಳುತ್ತಾರೆ. ಕುಣಿಯಲಾರದವಳಿಗೆ ನೆಲ ಡೊಂಕು. ವೈ-ವೈ ಶೀಟ್ ಕೈಗೆ ಕೊಟ್ಟೆ. ಐದು ಸಲ ‘ಯಾಕೆ’ ಕೇಳಿಕೊಂಡರೆ ಮೂಲ ಸಿಗುತ್ತದೆ, ಬರೆದು ಸೈನ್ ಮಾಡು ಅಂದೆ. ಮಾಡಿದ. ತಪ್ಪು ಅವನದೇ ಇತ್ತು.

ಏಪ್ರಿಲ್ 9, ಬುಧವಾರ

ಹೊಸ ಹುಚ್ಚು. ಪೇಪರ್ ಮೇಲೆ ಪ್ರಿಂಟ್ ಹಾಕುವ ಯಂತ್ರ ನನ್ನ ಹತ್ತಿರ ಇಲ್ಲ. ಆದರೆ ಫಿಲ್ಮನ್ನೇ ಪಾಸಿಟಿವ್ ಮಾಡಬಹುದು. ಮೊದಲು ಮೂಡಿದ ಕಪ್ಪನ್ನು ಮೈಲುತುತ್ತದ ದ್ರಾವಣದಲ್ಲಿ ಅಳಿಸಿ, ಉಳಿದದ್ದನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಡೆವಲಪ್ ಮಾಡಿದರೆ ಮುಖ ಮುಖದ ಹಾಗೇ ಬರುತ್ತದೆ. ಎರಡು ಗಾಜಿನ ನಡುವೆ ಇಟ್ಟು ಕೊಡಬಹುದು. ಮೊದಲನೆಯದು ಅಜ್ಜಿಗೆ. ಅವರಿಗೆ ಇರುವುದು ಒಂದೇ ಫೋಟೋ. “ಆದಾರ್ ಕಾರ್ಡಲ್ಲಿ ಕಳ್ಳಿ ತರ ಅವ್ನಿ” ಅಂತ ಅದನ್ನು ಯಾರಿಗೂ ತೋರಿಸುವುದಿಲ್ಲ.

ಮೈಲುತುತ್ತ ಕೇಳಲು ಗದಿಗೆಪ್ಪಣ್ಣನ ಹತ್ತಿರ ಹೋದೆ. ಇದೇ ಕಾಂಪೌಂಡಿನ ಹಿಂದಿನ ಶೀಟಿನ ಶೆಡ್ಡು ಅವರದು. ಸಣ್ಣ ಸಣ್ಣ ಬಿಡಿಭಾಗಗಳಿಗೆ ತಾಮ್ರದ ಪ್ಲೇಟಿಂಗ್. ಎರಡು ತೊಟ್ಟಿ, ಒಬ್ಬರೇ ಮನುಷ್ಯ, ಮಲಗುವುದೂ ಅಲ್ಲೇ. ಬೈಲಹೊಂಗಲದವರು. ನಾನು ರಾಣೆಬೆನ್ನೂರಿನವಳು ಅಂತ ಗೊತ್ತಾದ ದಿನದಿಂದ ತಂಗಿ ಆಗಿಬಿಟ್ಟಿದ್ದೇನೆ.

“ಅರ್ಧ ಕಿಲೋ ಒಯ್ಯಿ ತಂಗಿ. ಬಾಯಾಗ ಹೋಗದಂಗ ನೋಡ್ಕೊ. ಮತ್ತ, ಬಳಸಿದ್ದನ್ನ ಎಲ್ಲೂ ಚೆಲ್ಲಬ್ಯಾಡ. ನನ್ನ ಡ್ರಮ್ಮಿಗೆ ತಂದು ಹಾಕು, ತಿಂಗಳಿಗೊಮ್ಮೆ ಗಾಡಿ ಬಂದು ಒಯ್ತೈತಿ.”

ಹೂಂ ಅಂದೆ. ದುಡ್ಡು ಕೊಡಲು ಹೋದರೆ ಬೈದರು.

ಏಪ್ರಿಲ್ 10, ಗುರುವಾರ

ವರ್ಷದ ಮೊದಲ ಮಳೆ. ಇಪ್ಪತ್ತು ನಿಮಿಷ. ಆಂಜಿನಪ್ಪ ಅಂಕಲ್ ಅಂಗಳದಲ್ಲಿ ನಿಂತು ಚರಂಡಿಗೆ ಬೀಳುವ ಕೆಂಪು ನೀರು ನೋಡುತ್ತಿದ್ದರು. “ಮೊದಲ್ನೇ ಮಳೆ ಓಗ್ಲಿ ಬಿಡಮ್ಮ, ಧೂಳೆಲ್ಲ ತೊಳ್ಕೊಂಡ್ ಓಯ್ತದೆ.”

ಏಪ್ರಿಲ್ 12, ಶನಿವಾರ

ರೋಲ್ ಒಂಬತ್ತು ಶುರು. ಮೊದಲ ಫ್ರೇಮ್ ಆಂಜಿನಪ್ಪ ಅಂಕಲ್. ಸ್ಟೂಲ್ ಹತ್ತಿ ಗೋಡೆಯ ಪೈಪಿನ ಜೊತೆ ಕುಸ್ತಿ. ಏನ್ ಅಂಕಲ್ ಅಂದೆ. “ಮಳೆಗಾಲಕ್ಕೆ ಪೈಪ್ ಸರಿ ಮಾಡ್ತಾ ಇವ್ನಿ ಕಣಮ್ಮ. ಪೋಟೋನಾ? ತೆಗಿ ತೆಗಿ. ಒಟ್ಟೆ ಕಾಣ್ದಂಗೆ ತೆಗಿ.”

ಹೊಟ್ಟೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಬೆಳಕು ಚೆನ್ನಾಗಿತ್ತು, ತೆಗೆದೆ.

ಏಪ್ರಿಲ್ 13, ಭಾನುವಾರ

ಬಂತು! ರೋಲ್ ಎಂಟು, ಅಜ್ಜಿ. ಬೆಳಕಿಗೆ ಹಿಡಿದರೆ ಸಾಕ್ಷಾತ್ ಅಜ್ಜಿ. ಒಂದೊಂದು ಸುಕ್ಕೂ ಎಣಿಸಬಹುದು.

ಬಳಸಿದ ನೀಲಿ ದ್ರಾವಣ ಎರಡು ಲೀಟರ್ ಉಳಿಯಿತು. ಗದಿಗೆಪ್ಪಣ್ಣನ ಡ್ರಮ್ಮಿಗೆ ಅಂತ ಮೆಟ್ಟಿಲ ತನಕ ಹೋದೆ. ಮೂರು ಮಹಡಿ, ಸೊಂಟ ಬೇರೆ ನೋವು. ಚರಂಡಿಗೆ ತಾನೆ ಅಂತ ತೂತಿಗೇ ಸುರಿದು ಹಿಂದಿನಿಂದ ಎರಡು ಬಕೆಟ್ ನೀರು ಬಿಟ್ಟೆ. ಪೀಣ್ಯದ ಚರಂಡಿ ಇದಕ್ಕಿಂತ ಕೆಟ್ಟದ್ದನ್ನು ಕುಡಿದಿದೆ.

ಅಜ್ಜಿ ಗಾಜನ್ನು ಕಿಟಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. “ನಮ್ಮವ್ವ ಇದ್ದಂಗೆ ಅವ್ನಲ್ಲವ್ವ ನಾನು” ಅಂದರು. ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ.

ಏಪ್ರಿಲ್ 20, ಭಾನುವಾರ, ಮಧ್ಯಾಹ್ನ 1

ಖಾಲಿ. ಪೂರಾ ಖಾಲಿ.

ರೋಲ್ ಹತ್ತು. ಆಸೆ ತಡೆಯದೆ ಒಂಬತ್ತಕ್ಕಿಂತ ಮೊದಲೇ ಹಾಕಿದ್ದು. ಗದಿಗೆಪ್ಪಣ್ಣನ ಇಡೀ ಒಂದು ದಿನ ಇದರಲ್ಲಿತ್ತು. ತೊಟ್ಟಿಯ ಮೇಲೆ ಬಾಗಿದ ಮುಖ, ಆಸಿಡ್ ತಿಂದ ಬೆರಳುಗಳು, ಶೆಡ್ಡಿನ ಬಾಗಿಲಲ್ಲಿ ಚಹಾ. ಡಬ್ಬಿ ತೆಗೆದರೆ ನೀರಿನಷ್ಟು ತಿಳಿಯಾದ ಫಿಲ್ಮು. ಮೂವತ್ತಾರು ಫ್ರೇಮಲ್ಲಿ ಒಂದೂ ಇಲ್ಲ.

ಅಂಚಿನ ಅಂಕಿಯೂ ಇಲ್ಲ. ಫಿಲ್ಮ್ ಅಂಚಿಗೆ ಕಂಪನಿಯವರೇ ಒತ್ತಿರುವ 1, 2, 3… ಚಿತ್ರ ಇಲ್ಲದೆ ಅಂಕಿ ಮಾತ್ರ ಮೂಡಿದ್ದರೆ ತಪ್ಪು ಕ್ಯಾಮೆರಾದ್ದು. ಅಂಕಿಯೂ ಮೂಡದಿದ್ದರೆ ಡೆವಲಪರ್ ಸತ್ತಿದೆ. ಸತ್ತದ್ದು ಯಾಕೆ?

ರೋಲ್ ಒಂಬತ್ತನ್ನು ಮುಟ್ಟುವುದಿಲ್ಲ. ಕಾರಣ ಸಿಗುವ ತನಕ ಅದು ಪೆಟ್ಟಿಗೆಯಲ್ಲೇ ಇರಲಿ.

ಏಪ್ರಿಲ್ 22, ಮಂಗಳವಾರ

ಹೊಸ ರೋಲಿನಿಂದ ಅರ್ಧ ಅಡಿ ಅರ್ಧ ಅಡಿ ಕತ್ತರಿಸಿ ಪರೀಕ್ಷೆ. ನಿನ್ನೆ ವಿಟಮಿನ್ ಸಿ ಬದಲಿಸಿದೆ. ಖಾಲಿ. ಇವತ್ತು ಸೋಡಾ, ಕಾಫಿ ಪುಡಿ ಎರಡೂ ಹೊಸದು. ಖಾಲಿ. ಥರ್ಮಾಮೀಟರ್ ಸರಿ ಇದೆ. ಕಲಸಿದ ಕೂಡಲೇ ಹಾಕಿದರೆ ಮಂಕಾಗಿ ಏನೋ ಬರುತ್ತದೆ, ಒಂದು ರಾತ್ರಿ ಇಟ್ಟರೆ ಸಾಯುತ್ತದೆ. ಸತ್ತ ಡೆವಲಪರ್ ಬಾಟಲಿಗಟ್ಟಲೆ ತೂತಿಗೆ ಸುರಿದೆ.

ಸಂಜೆ ಕೆಳಗಿಳಿದಾಗ ಅಜ್ಜಿ ಮುಖ ಬಾಡಿತ್ತು. ನಾಲ್ಕು ದಿನದಿಂದ ಹೊಟ್ಟೆ ತೊಳೆಸುತ್ತದಂತೆ, ಏನು ತಿಂದರೂ ವಾಂತಿ. ಮನೆಯವರೆಲ್ಲ ಕ್ಯಾನ್ ನೀರು ಕುಡಿಯುತ್ತಾರೆ. ಅಜ್ಜಿಗೆ ಅದು ಸಪ್ಪೆ, ಅಂಗಳದ ನೆಲದಡಿಯ ಸಂಪಿನ ನೀರೇ ಆಗಬೇಕು. “ನೀರೇ ಸರ್ಯಾಗಿಲ್ಲ ಕಣವ್ವ. ಕಂಚಿನ ಚೊಂಬು ನೆಕ್ದಂಗೆ ಆಯ್ತದೆ. ಮ್ಯಾಲೆ ಕಾಫಿ ವಾಸ್ನೆ ಬೇರೆ.”

ಸೊಸೆ — ಅಂದರೆ ಅಜ್ಜಿಯ ಮೊಮ್ಮಗನ ಹೆಂಡತಿ ಶ್ಯಾಮಲಾ — ಜೋರಾಗಿ ನಕ್ಕಳು. “ಡಾಕ್ಟ್ರು ಕಾಫಿ ಬಿಡಿ ಅಂದಿದ್ದಾರಲ್ಲ, ಅದಕ್ಕೆ ಅಜ್ಜಿಗೆ ನೀರಲ್ಲೂ ಕಾಫಿನೇ ಕಾಣ್ತಿದೆ.” ನಾನೂ ನಕ್ಕೆ.

ಏಪ್ರಿಲ್ 23, ಬುಧವಾರ, ಬೆಳಿಗ್ಗೆ 6.30

ಉಳಿದಿದ್ದದ್ದು ನೀರು ಒಂದೇ. ನಿನ್ನೆ ಸಂಜೆ ಕ್ಯಾನ್ ನೀರಿನಲ್ಲಿ ಕಲಸಿಟ್ಟಿದ್ದೆ. ಈಗ ತೆಗೆದೆ — ಅಂಕಿ ಬಂದಿದೆ! ಕಡುಕಪ್ಪು, ಚೂಪು. ಅದೇ ಪುಡಿ, ಅದೇ ಸೋಡಾ. ನೀರು ಮಾತ್ರ ಬೇರೆ.

ನಲ್ಲಿ ನೀರಲ್ಲಿ ಏನೋ ಇದೆ. ನಲ್ಲಿಗೆ ಬರುವುದೂ ಸಂಪಿನ ನೀರೇ. ಅದನ್ನು ಅಜ್ಜಿ ದಿನಾ ಕುಡಿಯುತ್ತಿದ್ದಾರೆ.

ಏಪ್ರಿಲ್ 24, ಗುರುವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ.

ನಮ್ಮ ಫ್ಯಾಕ್ಟರಿಯಲ್ಲಿ ಕೊಳೆ ನೀರು ಶುದ್ಧ ಮಾಡುವ ವಿಭಾಗವಿದೆ. ಅಲ್ಲಿಂದ ಟೆಸ್ಟ್ ಸ್ಟ್ರಿಪ್ ತಂದೆ. ಲೋಹ ಇದ್ದರೆ ಬಣ್ಣ ತಿರುಗುವ ಕಾಗದದ ಪಟ್ಟಿಗಳು. ಸಂಜೆ ಐದೂವರೆಗೆ ಆಂಜಿನಪ್ಪ ಅಂಕಲ್‌ಗೆ ಹೇಳಿ ಸಂಪಿನ ಮುಚ್ಚಳ ತೆಗೆಸಿದೆ. ಸೊಳ್ಳೆಮರಿ ತಿನ್ನಲಿ ಅಂತ ಅವರು ಸಂಪಿನಲ್ಲಿ ಗಪ್ಪಿ ಮೀನು ಬಿಟ್ಟಿದ್ದರು. ಅಷ್ಟೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಬಿಳಿ ಬಿಳಿ. ಶ್ಯಾಮಲಾ ಕಿಟ್ಟನೆ ಕಿರುಚಿದಳು. ಬಾಡಿಗೆಯವರೆಲ್ಲ ಬಂದರು.

ಪಟ್ಟಿ ಅದ್ದಿದೆ. ಒಂದೇ ಒಂದು ಪಟ್ಟಿಯ ಬಣ್ಣ ತಿರುಗಿತು. ತಾಮ್ರ. ಕುಡಿಯುವ ನೀರಿನಲ್ಲಿ ಇರಬಾರದಷ್ಟು.

“ಏನಮ್ಮಾ ಅದು, ಏನ್ ತೋರಿಸ್ತದೆ?” ಅಂದರು ಅಂಕಲ್.

“ತಾಮ್ರ ಅಂಕಲ್” ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಫ್ಯಾಕ್ಟರಿಯಲ್ಲಿ ಮಾತಾಡುವ ದನಿಯೇ ಬಂತು. “ಈ ಕಾಂಪೌಂಡಲ್ಲಿ ತಾಮ್ರದ ಕೆಲಸ ಮಾಡೋದು ಒಂದೇ ಕಡೆ.”

ಎಲ್ಲರ ಕತ್ತೂ ಶೆಡ್ಡಿನ ಕಡೆ ತಿರುಗಿತು. ಗದಿಗೆಪ್ಪಣ್ಣ ಬಾಗಿಲಲ್ಲೇ ನಿಂತಿದ್ದರು. ಅಂಕಲ್ ಹೋಗಿ ಕೊರಳಪಟ್ಟಿಗೆ ಕೈ ಹಾಕಿದರು. “ನಮ್ಮವ್ವನಿಗೆ ವಿಷ ಆಕ್ಬಿಟ್ಯಲ್ಲೋ! ಜಾಗ ಕೊಟ್ಟಿದ್ದಕ್ಕೆ ಇಂಗಾ ಮಾಡೋದು?”

“ನನ್ನ ತೊಟ್ಟಿಯಿಂದ ಹನಿ ಹೊರಗ ಹೋಗಿಲ್ರಿ. ಡ್ರಮ್ಮು ನೋಡ್ಬರ್ರಿ” ಅಂದರು ಗದಿಗೆಪ್ಪಣ್ಣ. ಯಾರು ನೋಡುತ್ತಾರೆ. ಆಮೇಲೆ ಅವರು ನನ್ನ ಕಡೆ ತಿರುಗಿದರು. ತುಂಬ ಹೊತ್ತು ನೋಡಿದರು. ಏನೋ ಕಾಯುವವರ ಹಾಗೆ. ಆಮೇಲೆ ಕಣ್ಣು ತೆಗೆದು ಒಳಗೆ ಹೋದರು.

ತಪ್ಪು ಮಾಡಿದವರು ಹಾಗೇ ನೋಡುವುದು. ರಿಜೆಕ್ಷನ್ ಟೇಬಲ್ ಹತ್ತಿರ ದಿನಾ ಕಾಣುತ್ತೇನೆ. ಆದರೂ… ತಂಗಿ ಅಂದವರು.

ಏಪ್ರಿಲ್ 27, ಭಾನುವಾರ

ಸಂಪು, ಮೇಲಿನ ಟ್ಯಾಂಕ್ ಎರಡೂ ತೊಳೆಸಿ ಹೊಸ ನೀರು ತುಂಬಿಸಿದರು. ಪಟ್ಟಿ ಅದ್ದಿದೆ, ಬಣ್ಣ ತಿರುಗಲಿಲ್ಲ. ಹೊಸ ಮೀನು ಬಿಟ್ಟರು. ಅಂಕಲ್ ಎಲ್ಲರೆದುರು, “ಈ ಮಗು ಇಲ್ದಿದ್ರೆ ನಮ್ಗೆ ಗೊತ್ತೇ ಆಯ್ತಿರ್ಲಿಲ್ಲ” ಅಂದರು. ಹೆಮ್ಮೆ ಆಯಿತು. ಸುಳ್ಳು ಯಾಕೆ ಬರೆಯಲಿ, ಆಯಿತು.

ಏಪ್ರಿಲ್ 30, ಬುಧವಾರ

ಬಸವ ಜಯಂತಿ. ಇವತ್ತೇ ಗದಿಗೆಪ್ಪಣ್ಣನ ಶೆಡ್ಡು ಖಾಲಿ ಮಾಡಿಸಿದರು. ಹದಿಮೂರು ವರ್ಷ ಇದ್ದರಂತೆ. ತೊಟ್ಟಿ, ಡ್ರಮ್ಮು, ಒಂದು ಟ್ರಂಕು, ಗೋಡೆಯ ಮೇಲಿದ್ದ ಬಸವಣ್ಣನ ಫೋಟೋ — ಒಂದೇ ಟೆಂಪೋದಲ್ಲಿ ಹಿಡಿಯಿತು. ಮಾದನಾಯಕನಹಳ್ಳಿ ಕಡೆ ಯಾರದೋ ಗೋಡೌನಿನ ಮೂಲೆಯಲ್ಲಿ ಜಾಗ ಸಿಕ್ಕಿದೆಯಂತೆ, ಕೆಲಸ ಶುರು ಮಾಡುವಂತಿಲ್ಲ.

ಟೆರೇಸಿನಿಂದ ನೋಡಿದೆ. ಫೋಟೋ ತೆಗೆಯಲಿಲ್ಲ.

ಮೇ 4, ಭಾನುವಾರ

ರೋಲ್ ಹನ್ನೊಂದು, ಶ್ಯಾಮಲಾ ಮತ್ತು ಅವಳ ಸೇವಂತಿಗೆ ಕುಂಡಗಳು. ನಲ್ಲಿ ನೀರಿನಲ್ಲೇ ಮಾಡಿದೆ, ಪಾಸಿಟಿವ್. ಅದ್ಭುತವಾಗಿ ಬಂದಿದೆ. ನೀರಿನ ಕಾಯಿಲೆ ಗುಣವಾಯಿತು. ಮುಂದಿನ ವಾರ ರೋಲ್ ಒಂಬತ್ತು ಹಾಕಬಹುದು.

ಮೈಲುತುತ್ತ ಮುಗಿಯುತ್ತಾ ಬಂತು. ಕೇಳಲು ಈಗ ಯಾರೂ ಇಲ್ಲ. ಬಳಸಿದ ನೀಲಿ ಚೆಲ್ಲಿ, ತೂತು ತೊಳೆದು, ಉಂಡು ಮಲಗಿದೆ. ಸಂಜೆ ಸಕ್ಕತ್ ಮಳೆ.

ಮೇ 7, ಬುಧವಾರ

ಫ್ಯಾಕ್ಟರಿಗೆ ಶ್ಯಾಮಲಾ ಫೋನ್. ಅಳುತ್ತಿದ್ದಳು. “ಮೇಘಾ ಅಕ್ಕ, ಮೀನೆಲ್ಲ ಮತ್ತೆ ಸತ್ತಿವೆ. ಅಜ್ಜಿ ರಕ್ತ ಕಕ್ಕಿದ್ರು. ನರ್ಸಿಂಗ್ ಹೋಮಿಗೆ ಸೇರ್ಸಿದ್ದೀವಿ.”

ಪರ್ಮಿಷನ್ ಹಾಕಿ ಓಡಿ ಬಂದೆ. ಪಟ್ಟಿ ಅದ್ದಿದೆ. ತಾಮ್ರ. ಅಷ್ಟೇ ಗಾಢ ಬಣ್ಣ.

ಶೆಡ್ಡು ಖಾಲಿಯಾಗಿ ಒಂದು ವಾರ. ಬೀಗದ ಮೇಲೆ ಜೇಡ ಬಲೆ ಕಟ್ಟಿದೆ. ಮತ್ತೆ ತಾಮ್ರ ಎಲ್ಲಿಂದ?

ಅಂಕಲ್ ಕಣ್ಣು ಕೆಂಡ. “ಅವನೇ ಕಣಮ್ಮ. ಓಗೋ ಸಿಟ್ಟಿಗೆ ಕದ್ದು ಬಂದು ಸುರಿದವ್ನೆ. ಬಿಡಲ್ಲ. ಅವ್ವ ಮನೆಗೆ ಬರ್ಲಿ, ಸ್ಟೇಷನ್‌ಗೆ ಓಗಿ ಬರ್ದು ಕೊಡ್ತೀನಿ. ನೀನೇ ಪರೀಕ್ಷೆ ಮಾಡಿದ್ದು, ನೀನೇ ಸಾಕ್ಷಿ ಬರ್ಬೇಕು.”

ತಲೆ ಆಡಿಸಿದೆ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಕೂತೆ. ಮನುವಿನ ಮಾತು ನೆನಪಾಯಿತು. ಒಂದ್ಸಲ ನಿಮ್ ಗೇಜ್ ಚೆಕ್ ಮಾಡ್ಬಿಡಿ ಮೇಡಂ.

ಮೇ 8, ಗುರುವಾರ, ಬೆಳಿಗ್ಗೆ 9

ರಜೆ. ವೈ-ವೈ ಶೀಟ್ ಮುಂದಿಟ್ಟುಕೊಂಡಿದ್ದೇನೆ. ಅಜ್ಜಿ ಯಾಕೆ ಕಾಯಿಲೆ ಬಿದ್ದರು — ನೀರಲ್ಲಿ ತಾಮ್ರ. ನೀರಲ್ಲಿ ತಾಮ್ರ ಯಾಕೆ — ಯಾರೋ ಸುರಿದರು. ಯಾವಾಗ? ಮೊದಲ ಸಲ ಏಪ್ರಿಲ್ ಮಧ್ಯದಲ್ಲಿ. ಎರಡನೇ ಸಲ ಈ ಭಾನುವಾರದ ಆಸುಪಾಸು.

ಏಪ್ರಿಲ್ 13. ಮೇ 4. ಇದೇ ಡೈರಿ ತಿರುವಿ ನೋಡಿದೆ. ಎರಡೂ ದಿನ ಮೈಲುತುತ್ತ, ಅಂದರೆ ತಾಮ್ರದ ಉಪ್ಪು, ತೂತಿಗೆ ಸುರಿದಿದ್ದೇನೆ.

ಇಲ್ಲ. ನನ್ನ ನೀರು ಚರಂಡಿಗೆ ಹೋಗುತ್ತದೆ. ಕಣ್ಣಾರೆ ನೋಡಿದ್ದೇನೆ. ಜನವರಿಯಲ್ಲಿ.

ಬೆಳಿಗ್ಗೆ 11.30

ಕ್ಯಾನ್ ನೀರಿನಲ್ಲಿ ರೋಲ್ ಒಂಬತ್ತು ಹಾಕಿದೆ. ಬೇರೆ ಏನು ಮಾಡಬೇಕೋ ತೋಚದೆ ಹಾಕಿದ್ದು. ಕೈಗೆ ಅಭ್ಯಾಸದ ಕೆಲಸ ಬೇಕಿತ್ತು.

ಎಲ್ಲ ಅಂಕಿಗಳೂ ಬಂದಿವೆ. ಎಲ್ಲ ಚಿತ್ರಗಳೂ. ಮೊದಲ ಫ್ರೇಮ್, ಆಂಜಿನಪ್ಪ ಅಂಕಲ್, ಸ್ಟೂಲು. ಭೂತಗನ್ನಡಿ ಹಿಡಿದೆ. ಟೆರೇಸಿನಿಂದ ಇಳಿಯುವ ಪೈಪ್ ಅದು. ಪೈಪಿನ ತುದಿಯ ಬಾಗಿದ ತುಂಡು ಅವರ ಎರಡೂ ಕೈಯಲ್ಲಿದೆ. ಅದರ ಬಾಯಿ ಚರಂಡಿಯ ಕಡೆ ಇಲ್ಲ. ಮಳೆನೀರು ಸೋಸಲು ಜಲ್ಲಿ ತುಂಬಿಟ್ಟ ಡ್ರಮ್ಮಿನ ಕಡೆ ತಿರುಗಿದೆ. ಡ್ರಮ್ಮಿನ ಕೆಳಗೆ ಸಂಪು.

ಮೊದಲ ಮಳೆ ಹೋಗಲಿ ಬಿಡಮ್ಮ ಅಂದಿದ್ದರು. ಎರಡನೇ ಮಳೆ ಹಿಡಿಯುವುದಕ್ಕೆ ತಿರುಗಿಸುತ್ತಿದ್ದರು. ಪ್ರತಿ ವರ್ಷ ತಿರುಗಿಸುತ್ತಿರಬೇಕು. ಮನೆಯವರಿಗೆಲ್ಲ ಗೊತ್ತಿರಬೇಕು. ನಾನು ಜನವರಿಯಲ್ಲಿ ಬಂದವಳು.

ಒಂದು ಬಕೆಟ್ ನೀರು ತೂತಿಗೆ ಸುರಿದು ಮೂರು ಮಹಡಿ ಓಡಿ ಇಳಿದೆ. ಸಂಪಿನ ಮುಚ್ಚಳಕ್ಕೆ ಕಿವಿ ಇಟ್ಟೆ.

ಒಳಗೆ ನೀರು ಬೀಳುತ್ತಿತ್ತು.

ಮಧ್ಯಾಹ್ನ

ಜಲ್ಲಿ ಕಸ ಹಿಡಿಯುತ್ತದೆ, ಕರಗಿದ್ದನ್ನು ಹಿಡಿಯುವುದಿಲ್ಲ. ಎರಡು ಲೀಟರ್ ನೀಲಿ, ಎರಡು ಸಲ. ಅದರ ಮೇಲೆ ಬಾಟಲಿಗಟ್ಟಲೆ ಸತ್ತ ಕಾಫಿ.

ಕಾಫಿ ವಾಸ್ನೆ ಬೇರೆ ಅಂದಿದ್ದರು ಅಜ್ಜಿ. ಮೊದಲೇ ಹೇಳಿದ್ದರು. ನಾನು ನಕ್ಕಿದ್ದೆ.

ತಾಮ್ರ ಬಿದ್ದ ನೀರಿನಲ್ಲಿ ವಿಟಮಿನ್ ಸಿ ಒಂದು ರಾತ್ರಿಗೇ ಕೆಡುತ್ತದೆ. ನನ್ನ ಫಿಲ್ಮ್ ಕೊಂದದ್ದೂ ನಾನೇ. ಎಷ್ಟು ಸಲ ಬರೆದರೂ ಕೈ ಒಪ್ಪುತ್ತಿಲ್ಲ. ನಾನೇ. ಸದ್ಯ, ಟ್ಯಾಂಕರ್ ನೀರು ತರಿಸುತ್ತಿದ್ದಾರೆ, ಸಂಪಿನದ್ದನ್ನು ಯಾರೂ ಮುಟ್ಟುತ್ತಿಲ್ಲ. ಮೂಲೆಯ ತೂತಿಗೆ ಬಟ್ಟೆ ತುರುಕಿ ಮೇಲೆ ಕಲ್ಲು ಇಟ್ಟೆ.

ಮೇ 10, ಶನಿವಾರ, ಸಂಜೆ 6

ಮೊದಲು ಗದಿಗೆಪ್ಪಣ್ಣನಿಗೆ ಹೇಳಬೇಕು ಅನ್ನಿಸಿತು. ಮಾದನಾಯಕನಹಳ್ಳಿಗೆ ಹೋಗಿ ಬಂದೆ.

ಗೋಡೌನಿನ ಹೊರಗೆ ಪ್ಲಾಸ್ಟಿಕ್ ಹೊದಿಸಿದ ತೊಟ್ಟಿಗಳು. ಅವರು ಪಕ್ಕದಲ್ಲಿ ಇಟ್ಟಿಗೆ ಮೇಲೆ ಕೂತು ಯಾರದೋ ಲಾರಿ ಲೋಡು ಬರೆದುಕೊಳ್ಳುತ್ತಿದ್ದರು. ಈಗ ಅದೇ ಕೆಲಸವಂತೆ. ಗಡ್ಡ ಬಂದಿತ್ತು. ನನ್ನನ್ನು ನೋಡಿ ಎದ್ದು ನಿಂತರು.

“ಬರ್ರಿ ಮೇಡಮ್ಮಾರ.”

ತಂಗಿ ಅನ್ನಲಿಲ್ಲ. ನೀ ಅನ್ನಲಿಲ್ಲ. ಅಲ್ಲೇ ಅರ್ಧ ಸತ್ತೆ.

ನಿಂತಲ್ಲೇ ಎಲ್ಲ ಹೇಳಿದೆ. ತೂತು, ಪೈಪ್, ಫೋಟೋ, ಸಂಪಿನ ಸದ್ದು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಹಳೆಯ ಸುದ್ದಿ ಕೇಳುವವರ ಹಾಗೆ ಕೇಳಿದರು.

“ಪೈಪಿಂದು ನನಗೂ ಹೊಳೀಲಿಲ್ರಿ” ಅಂದರು. “ಆದ್ರ ಅವತ್ತು ನೀವು ತಾಮ್ರ ಅಂದಾಗ ತಿಳೀತು. ನನ್ನ ತೊಟ್ಟಿ ನನಗ ಗೊತ್ತೈತಿ. ಆ ಕಾಂಪೌಂಡಿನ್ಯಾಗ ಇನ್ನ ಎಲ್ಲಿ ಇತ್ತು ಮೈಲುತುತ್ತ? ಕೊಟ್ಟಾಂವ ನಾನ. ಒಂದ್ ಸಲನೂ ನನ್ನ ಡ್ರಮ್ಮಿಗೆ ತಂದು ಹಾಕಲಿಲ್ಲ ನೀವು.”

“ಮತ್ತೆ ಯಾಕೆ ಹೇಳಲಿಲ್ಲ ಅಣ್ಣಾ? ಅವರ ಮುಂದೆ ಒಂದು ಮಾತು…”

“ನೀವಽ ಹೇಳ್ತೀರಿ ಅಂತ ನಿಮ್ಮ ಮಾರಿ ನೋಡಿದೆ. ನೀವು ನನ್ನ ಕಡೆ ತೋರಿಸಿದ್ರಿ. ತನ್ನ ಮ್ಯಾಲೆ ಬರ್ತೈತಿ ಅಂತ ಅಂಜಿ ತೋರಿಸ್ಯಾಳ ಅಂತ ತಿಳ್ಕೊಂಡೆ. ಒಬ್ಬಾಕಿನ ಇರೋ ಹೆಣ್ಮಗಳು, ನಮ್ಮ ಕಡೆಯಾಕಿ. ನಾ ಬಾಯಿ ಬಿಟ್ಟಿದ್ರ ನಿಮ್ಮನ್ನ ಆ ಸಂಜಿನಽ ಬೀದಿಗೆ ಹಾಕ್ತಿದ್ರು. ನನಗೇನ್ರಿ, ಟೆಂಪೋದಾಗ ಮಲಗಿದ್ರೂ ನಡೀತೈತಿ.”

ಹದಿನಾರು ದಿನ. ಹದಿನಾರು ದಿನದಿಂದ ಈ ಮನುಷ್ಯ ನಾನು ಬೇಕಂತಲೇ ಮಾಡಿದೆ ಅಂತ ತಿಳಿದುಕೊಂಡಿದ್ದರು. ತಿಳಿದೂ ಸುಮ್ಮನಿದ್ದರು.

“ನನಗೆ ಗೊತ್ತಿರಲಿಲ್ಲ ಅಣ್ಣಾ. ದೇವರಾಣೆ ಗೊತ್ತಿರಲಿಲ್ಲ.”

“ಹೌದ್ರಿ?” ಅಂದರು. ಅಷ್ಟೇ. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ನಂಬಿಸಲು ನನ್ನ ಹತ್ತಿರ ಯಾವ ಪಟ್ಟಿಯೂ ಇಲ್ಲ. ಚಹಾ ತರಿಸಿದರು. ಲೋಟ ಹಿಡಿದು ಅತ್ತೆ. ಅವರು ಬೇರೆ ಕಡೆ ನೋಡುತ್ತಾ, ಅಜ್ಜಿ ಹೆಂಗದಾರ ಅಂತ ಕೇಳಿದರು.

ಬರುವಾಗ ಇನ್ನೊಂದು ಮಾತು. “ಇವತ್ತಿಲ್ಲ ನಾಳೆ ಪೊಲೀಸ್ರು ಬರ್ತಾರ ಅಂತ ಕೇಳೀನಿ. ಬಂದ್ರ ಬರ್ಲಿ. ನಾ ಏನೂ ಹೇಳೂದಿಲ್ರಿ. ನಿಮಗ ಬಿಟ್ಟಿದ್ದು.”

ಮನೆಗೆ ಬಂದರೆ ಅಜ್ಜಿಯನ್ನು ಡಿಸ್ಚಾರ್ಜ್ ಮಾಡಿದ್ದರು. ಕೋಲಿನಂತಾಗಿದ್ದಾರೆ. ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. “ನೀನೇ ಕಣವ್ವ ನನ್ನ ಉಳ್ಸಿದ್ದು.” ಆಗಲೇ ಹೇಳಬೇಕಿತ್ತು. ಸುತ್ತ ಎಂಟು ಜನ ಇದ್ದರು. ಹುಷಾರಾಗಿರಿ ಅಜ್ಜಿ ಅಂತ ಮಾತ್ರ ಅಂದು ಹೊರಟೆ. ಎಂಥ ಹೇಡಿ ನಾನು.

ಅಂಕಲ್ ಬಾಗಿಲ ತನಕ ಬಂದು, “ನಾಳೆ ಅತ್ತು ಗಂಟೆಗೆ ರೆಡಿ ಇರಮ್ಮ, ಸ್ಟೇಷನ್‌ಗೆ ಓಗೋದು” ಅಂದರು.

ಮೇ 11, ಭಾನುವಾರ, ಬೆಳಿಗ್ಗೆ 9.20

ಇವತ್ತು ಏನೂ ಕಲಸಿಲ್ಲ. ರೂಮಿನಲ್ಲಿ ಮೊದಲ ಸಲ ಕಾಫಿ ವಾಸನೆ ಇಲ್ಲ.

ಟೇಬಲ್ ಮೇಲೆ ರೋಲ್ ಒಂಬತ್ತರ ಮೊದಲ ಫ್ರೇಮ್, ಎರಡು ಗಾಜಿನ ನಡುವೆ. ಪಕ್ಕದಲ್ಲಿ ಉಳಿದ ಮೈಲುತುತ್ತದ ಪೊಟ್ಟಣ. ವೈ-ವೈ ಶೀಟ್ ಪೂರ್ತಿ ಬರೆದು ಸೈನ್ ಹಾಕಿದ್ದೇನೆ. ಐದನೇ ಯಾಕೆಯ ಮುಂದೆ — ಮೂರು ಮಹಡಿ ಇಳಿಯಲು ಸೋಮಾರಿತನ. ಬೇರೆ ಪದ ಹುಡುಕಿದೆ. ಸಿಗಲಿಲ್ಲ.

ಹತ್ತು ಗಂಟೆಗೆ ಅಂಕಲ್ ಬರುತ್ತಾರೆ. ಅವರು ಬರುವ ಮೊದಲೇ ಇಳಿಯಬೇಕು. ಈ ರೂಮು ಹೋಗುತ್ತದೆ. ಹೋಗಲಿ. ಕೊರಳಪಟ್ಟಿಗೆ ಕೈ ಹಾಕಿದರೆ ಹಾಕಿಸಿಕೊಳ್ಳುತ್ತೇನೆ. ಶೆಡ್ಡಿನ ಬೀಗ ತೆಗೆಯಿರಿ ಅಂತ ಮಾತ್ರ ಕೇಳುತ್ತೇನೆ. ಗದಿಗೆಪ್ಪಣ್ಣ ಮತ್ತೆ ಬರುತ್ತಾರೋ, ಬಂದರೂ ತಂಗಿ ಅನ್ನುತ್ತಾರೋ…

ಮೆಟ್ಟಿಲಲ್ಲಿ ಸದ್ದು. ಕೋಲು ಊರಿ ಊರಿ ಹತ್ತುವ ಸದ್ದು. ಅಂಕಲ್ ಅಲ್ಲ. “ಅಜ್ಜೀ, ಬ್ಯಾಡಿ, ನಾನೇ ಕೊಟ್ಟು ಬರ್ತೀನಿ” ಅಂತ ಕೆಳಗಿನಿಂದ ಶ್ಯಾಮಲಾ ಕೂಗುತ್ತಿದ್ದಾಳೆ. “ಸುಮ್ಕಿರೇ! ನನ್ ಉಳ್ಸಿದ್ ಮಗೀಗೆ ನನ್ ಕೈಯಾರೆ ಒಂದ್ ಲೋಟ ಕಾಫಿ ಕೊಡ್ಬಾರ್ದಾ?”

ಮೂರು ಮಹಡಿ. ನಿನ್ನೆ ತನಕ ಡ್ರಿಪ್ ಹಾಕಿಸಿಕೊಂಡವರು. ಮೂರು ಮಹಡಿ ಹತ್ತಿ ಬರುತ್ತಿದ್ದಾರೆ.

ಬಾಗಿಲ ಹತ್ತಿರ ಉಸಿರು ಕೇಳುತ್ತಿದೆ. ಮೊದಲ ವಾಕ್ಯ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ಬಾಯಿಗೆ ಬರುವುದಿಲ್ಲ. ಕಾಫಿ ಮುಟ್ಟುವ ಮೊದಲೇ ಹೇಳಬೇಕು. ಅಜ್ಜಿ, ನೀವು ಸರಿಯಾಗೇ ಹೇಳಿದ್ರಿ, ಆ ನೀರಲ್ಲಿದ್ದ ಕಾಫಿ ವಾಸನೆ